‘ನ್ಯಾವಿಗೇಷನ್ ಲೈಟ್’ ದಾರಿದೀಪವೇ, ಗುರುತುದೀಪವೇ? ದೋಣಿಗೆ ಎಲ್‌ಇಡಿ ಹಾಕುವವರಿಗಾಗಿ ಕೆಲವು ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಸಣ್ಣ ದೋಣಿ ಇಟ್ಟುಕೊಂಡವರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಹಳೆಯ ನ್ಯಾವಿಗೇಷನ್ ಲೈಟ್ ತೆಗೆದು ಎಲ್‌ಇಡಿ ಹಾಕಿಕೊಳ್ಳುವುದು ಹೇಗೆ ಅನ್ನೋದು ಅದರ ವಿಷಯ. ಸ್ಕ್ರೂ, ವೈರು, ಫ್ಯೂಸು ಇದೆಲ್ಲ ಬರೆಯೋದಕ್ಕೆ ಕಷ್ಟವಿಲ್ಲ. ತಡವರಿಸುತ್ತಿರುವುದು ಕೆಲವು ಪದಗಳ ಹತ್ತಿರ. ಇಲ್ಲಿ ಪದ ಎಡವಟ್ಟಾದರೆ ಓದಿದವರು ಬೇರೆ ಸಾಮಾನು ತಂದು ಹಾಕಿಬಿಡುತ್ತಾರೆ. ಕತ್ತಲಲ್ಲಿ ಎದುರಿನ ದೋಣಿಯವರಿಗೆ ತಪ್ಪು ಸುದ್ದಿ ಹೋಗುತ್ತದೆ.

ಮೊದಲಿಗೆ ‘ನ್ಯಾವಿಗೇಷನ್ ಲೈಟ್’. ತಟ್ಟನೆ ಬಾಯಿಗೆ ಬರೋದು ‘ದಾರಿದೀಪ’. ಆದರೆ ಈ ದೀಪ ದಾರಿ ತೋರಿಸುವುದೇ ಇಲ್ಲ. ನಾವು ಇಲ್ಲಿದ್ದೇವೆ, ನಮ್ಮ ಮುಖ ಇತ್ತ ಕಡೆ ಇದೆ ಅಂತ ಬೇರೆಯವರಿಗೆ ಹೇಳುವುದಷ್ಟೇ ಅದರ ಕೆಲಸ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ದೂರದ ದೋಣಿಯ ಕೆಂಪು ಮಾತ್ರ ಕಂಡರೆ ಅದರ ಎಡಮಗ್ಗುಲು ನಮ್ಮ ಕಡೆಗಿದೆ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮತ್ತಲೇ ಬರುತ್ತಿದೆ. ‘ದಾರಿದೀಪ’ ಅಂತ ಬರೆದರೆ ಜನ ಕಾರಿನ ಹೆಡ್‌ಲೈಟ್ ಥರ ಮುಂದಕ್ಕೆ ಬೆಳಕು ಚೆಲ್ಲುವ ದೀಪ ಹುಡುಕುತ್ತಾರೆ. ಅಂಥದ್ದನ್ನು ಹಾಕಿದರೆ ಎದುರಿನವರ ಕಣ್ಣು ಕುಕ್ಕುತ್ತದೆ, ಕೆಂಪು ಹಸಿರು ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ‘ಗುರುತುದೀಪ’ ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಎಡ, ಬಲದ ಬಗ್ಗೆಯೂ ಒಂದು ಮಾತು. ಯಾರ ಎಡ? ಹಿಂದಕ್ಕೆ ತಿರುಗಿ ಕೂತವನ ಎಡ ಬೇರೆ. ದೋಣಿಯ ಮುಖಕ್ಕೆ ಅಂಟಿಕೊಂಡ ಎಡ, ಬಲಕ್ಕೆ ‘ಎಡಮಗ್ಗುಲು’, ‘ಬಲಮಗ್ಗುಲು’ ಚೆನ್ನಾಗಿ ಕೂರುತ್ತವೆ ಅಂತ ನನಗೆ ಅನಿಸಿದೆ. ಮಗ್ಗುಲು ಅಂದಾಗ ಅದು ದೋಣಿಯ ಮೈಗೆ ಸೇರಿದ್ದು ಅನ್ನೋದು ತಾನಾಗೇ ಬರುತ್ತದೆ, ಅಲ್ವಾ?

ನಿಜವಾದ ತೊಡಕು ಇರೋದು ‘ದೀಪ’ ಅನ್ನೋ ಪದದಲ್ಲೇ. ‘ಲೈಟು ಎಲ್‌ಇಡಿ ಮಾಡಿಸಿದೆ’ ಅಂತ ಒಬ್ಬರು ಹೇಳಿದರೆ ಏನು ಅರ್ಥ? ಒಳಗಿನ ಬಲ್ಬು ಮಾತ್ರ ಬದಲಾಯಿಸಿದರೋ, ಗಾಜು, ಮೈ, ತಳ ಎಲ್ಲ ಸೇರಿ ಇಡೀ ದೀಪ ಬದಲಾಯಿಸಿದರೋ? ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು. ಈ ಕೆಲಸದಲ್ಲಿ ಎರಡೂ ಪೂರ್ತಿ ಬೇರೆ.

ಹಳೆಯ ದೀಪ ಬಿಚ್ಚಿ ನೋಡಿ. ಬಲ್ಬಿನೊಳಗೆ ಸಣ್ಣ ತಂತಿ ನೆಟ್ಟಗೆ ನಿಂತಿರುತ್ತದೆ. ಬೆಳಕೆಲ್ಲ ಆ ಕಿರುಗೆರೆಯಿಂದ ಹೊರಡುತ್ತದೆ. ಸುತ್ತಲಿನ ಗಾಜು, ಬದಿಯ ಮರೆ ಎರಡನ್ನೂ ಆ ಗೆರೆ ಎಲ್ಲಿರುತ್ತದೆ ಅಂತ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಮಗ್ಗುಲ ದೀಪ 112.5 ಡಿಗ್ರಿಯಷ್ಟು ಮಾತ್ರ ಕಾಣಬೇಕು. ಅಂದರೆ ನೇರ ಮುಂದಿನಿಂದ ಹಿಡಿದು, ಪಕ್ಕಕ್ಕೆ ಬಂದು, ಅಲ್ಲಿಂದ 22.5 ಡಿಗ್ರಿ ಹಿಂದಕ್ಕೆ. ಹಿಂದಿನ ಬಿಳಿ ದೀಪಕ್ಕೆ 135 ಡಿಗ್ರಿ. ಮೂರೂ ಸೇರಿದರೆ ಸರಿಯಾಗಿ 360.

ಈಗ ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ತಿರುಗಿಸಿ ಹಾಕಿದರೆ? ಅದರ ಮೈ ತುಂಬ ಬೆಳಕು ಕೊಡುವ ಸಣ್ಣ ಸಣ್ಣ ಚಿಪ್‌ಗಳು. ಬೆಳಕು ಗೆರೆಯಿಂದಲ್ಲ, ದಪ್ಪ ಮೈಯಿಂದ ಬರುತ್ತದೆ. ಮರೆಯ ಅಂಚಿನಲ್ಲಿ ಬೆಳಕು ಕಡಿದಂತೆ ನಿಲ್ಲದೆ ಆಚೆಗೂ ಹರಿಯುತ್ತದೆ. ಕೆಂಪು ಮಾತ್ರ ಕಾಣಬೇಕಾದ ಜಾಗದಲ್ಲಿ ಹಸಿರೂ ಇಣುಕುತ್ತದೆ. ಬಣ್ಣದ ಕಥೆ ಬೇರೆಯೇ ಇದೆ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಹಸಿರು ಗಾಜಿನ ಹಿಂದೆ ಇಟ್ಟರೆ ನೀಲಿಗೆ ತಿರುಗುತ್ತದೆ, ಕೆಂಪು ಗಾಜಿನ ಹಿಂದೆ ಬಡವಾಗುತ್ತದೆ. ಬಲ್ಬನ್ನೇ ಬದಲಾಯಿಸುವುದಾದರೆ ಕೆಂಪಿಗೆ ಕೆಂಪು ಎಲ್‌ಇಡಿ, ಹಸಿರಿಗೆ ಹಸಿರು ಎಲ್‌ಇಡಿ ಹಾಕಬೇಕು. ಅಷ್ಟಾದರೂ ಅಂಚಿನ ತೊಂದರೆ ಉಳಿದೇ ಉಳಿಯುತ್ತದೆ. ನಿಯಮಕ್ಕೆ ತಕ್ಕಂತಿದೆ ಅನ್ನುವ ಒಪ್ಪಿಗೆಯ ಮುದ್ರೆ ಸಿಗುವುದು ಬಲ್ಬು, ಗಾಜು, ಮೈ ಮೂರೂ ಸೇರಿದ ದೀಪಕ್ಕೆ. ಒಳಗಿನದನ್ನು ಬದಲಾಯಿಸಿದರೆ ಹೊರಗಿನ ಮುದ್ರೆಗೆ ಬೆಲೆಯಿಲ್ಲ.

ಅದಕ್ಕೇ ಕೈಪಿಡಿಯಲ್ಲಿ ‘ಬಲ್ಬು ಬದಲಾವಣೆ’, ‘ಇಡೀ ದೀಪದ ಬದಲಾವಣೆ’ ಅಂತ ಬೇರೆ ಬೇರೆಯಾಗಿ ಬರೆಯುತ್ತಿದ್ದೇನೆ. ಬಲ್ಬಿಗೆ ‘ಬುರುಡೆ’ ಅನ್ನೋ ಸೊಗಸಾದ ಪದ ಇದೆ. ಆದರೆ ಬುರುಡೆ ಅಂದರೆ ತಂತಿ ಇರುವ ಹಳೆಯ ಗಾಜಿನ ಬಲ್ಬೇ ಕಣ್ಣ ಮುಂದೆ ಬರುತ್ತದೆ. ‘ಎಲ್‌ಇಡಿ ಬುರುಡೆ’ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ನಾನು ಆ ಪದವನ್ನು ಹಳೆಯ ಬಲ್ಬಿಗೇ ಬಿಟ್ಟುಕೊಡೋಣ ಅನ್ನುವವನು. ‘ಅಪ್‌ಗ್ರೇಡ್’ಗೆ ‘ಮೇಲ್ದರ್ಜೆಗೇರಿಸು’ ಬೇಡ, ‘ಎಲ್‌ಇಡಿಗೆ ಬದಲಾಯಿಸು’ ಸಾಕು.

ಆ 112.5 ಡಿಗ್ರಿಗೆ ಏನನ್ನೋಣ? ‘ದೃಷ್ಟಿಕೋನ’ಕ್ಕೆ ಆಗಲೇ ಬೇರೆ ಅರ್ಥ ಗಟ್ಟಿಯಾಗಿದೆ. ‘ಹರವು’ ಹೇಗೆ? ‘ಮಗ್ಗುಲ ದೀಪದ ಹರವು 112.5 ಡಿಗ್ರಿ’. ಬೆಳಕು ನಿಲ್ಲುವ ಕಡೆಗೆ ‘ಅಂಚು’. ದೂರಕ್ಕೆ ‘ಕಾಣುವ ದೂರ’. 12 ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಮಗ್ಗುಲ ದೀಪ 1 ನಾಟಿಕಲ್ ಮೈಲು, ಹಿಂದಿನ ದೀಪ 2 ನಾಟಿಕಲ್ ಮೈಲು ದೂರಕ್ಕೆ ಕಾಣಬೇಕು. ಸುಮ್ನೆ ‘ಮೈಲಿ’ ಅಂದರೆ 1,609 ಮೀಟರ್ ಅಂದುಕೊಳ್ಳುತ್ತಾರೆ, ಇದು 1,852 ಮೀಟರ್. ‘ಕಡಲಮೈಲಿ’ ಅಂತ ಬರೆದರೆ ಗೊತ್ತಾಗುತ್ತದೆಯೇ?

ಇನ್ನೊಂದು, ‘ಆಲ್‌ರೌಂಡ್ ಲೈಟ್’. 12 ಮೀಟರಿಗಿಂತ ಚಿಕ್ಕದಾದ ಮೋಟಾರು ದೋಣಿಯಲ್ಲಿ ಕೂವೆಕಂಬದ ದೀಪ (ಎತ್ತರದ ಕಂಬದಲ್ಲಿ ಮುಂದಿನವರಿಗೆ ಕಾಣುವ ಬಿಳಿ ದೀಪ), ಹಿಂದಿನ ದೀಪ ಎರಡರ ಬದಲು ಸುತ್ತಲೂ ಕಾಣುವ ಒಂದೇ ಬಿಳಿ ದೀಪ ಹಾಕಬಹುದು, ಮಗ್ಗುಲ ದೀಪಗಳು ಹೇಗೂ ಇರಬೇಕು. ‘ಸುತ್ತುದೀಪ’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು ‘ಆಂಬುಲೆನ್ಸ್ ಮೇಲೆ ತಿರುಗುತ್ತದಲ್ಲ, ಅಂಥದ್ದಾ?’ ಅಂತ ಕೇಳಿದರು. ಕೇಳಿದ್ದು ಸರಿಯೇ. ತಿರುಗುವ, ಮಿನುಗುವ ದೀಪವನ್ನು ಇಲ್ಲಿ ಹಾಕಲೇಬಾರದು. ಸದ್ಯಕ್ಕೆ ‘ಸುತ್ತಲೂ ಕಾಣುವ ದೀಪ’ ಅಂತ ಉದ್ದಕ್ಕೇ ಬರೆದಿದ್ದೇನೆ. ಚಿಕ್ಕದಾಗಿ, ತಪ್ಪು ಅರ್ಥ ಬಾರದಂತೆ ಹೇಳೋದಕ್ಕೆ ಸಾಧ್ಯವೇ?

ಕರೆಂಟಿನ ಭಾಗದಲ್ಲಿ ಪದದ ಗೋಳಿಲ್ಲ. 12 ವೋಲ್ಟಿನ 25 ವ್ಯಾಟ್ ಬಲ್ಬು ಎರಡು ಆಂಪಿಯರ್‌ಗೂ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಹತ್ತು ಗಂಟೆ ಉರಿದರೆ ಬ್ಯಾಟರಿಯಿಂದ ಸುಮಾರು 21 ಆಂಪಿಯರ್-ಅವರ್ ಹೋಯಿತು. ಎರಡು ವ್ಯಾಟಿನ ಎಲ್‌ಇಡಿ ದೀಪ ಅಷ್ಟೇ ಹೊತ್ತಿಗೆ ಎರಡು ಆಂಪಿಯರ್-ಅವರ್ ಕೂಡ ದಾಟುವುದಿಲ್ಲ. ಪ್ಲಸ್ಸು, ಮೈನಸ್ಸು ಸರಿಯಾಗಿ ಕೊಡಬೇಕು, ಅಷ್ಟೇ.

ಕೊನೆಯ ಪದ ‘ನಾಯ್ಸ್’. ಇದರ ಬಗ್ಗೆ ನಿಮ್ಮ ಅಭಿಪ್ರಾಯ ನನಗೆ ಬಹಳ ಮುಖ್ಯ. ಎಲ್‌ಇಡಿ ದೀಪದೊಳಗಿನ ಸರ್ಕೀಟು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಡುತ್ತದೆ. ಅಗ್ಗದ ದೀಪಗಳಲ್ಲಿ ಇದರ ಅಲೆ ಹೊರಗೆ ಸೋರಿ ದೋಣಿಯವರು ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋಗೆ, ದೋಣಿಗಳ ಸ್ಥಾನ ತಿಳಿಸುವ ಎಐಎಸ್‌ಗೆ ತಾಕುತ್ತದೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಇದಕ್ಕೆ ‘ಗದ್ದಲ’ ಅಂತ ಬರೆದರೆ ಓದುವವರು ಸದ್ದು ಕೇಳುತ್ತದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಏನೂ ಕೇಳುವುದಿಲ್ಲ. ರೇಡಿಯೋದ ಸುಯ್ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ಗುಂಡಿ ಬಿಗಿಯಾಗಿದ್ದರೆ ರೇಡಿಯೋ ತಣ್ಣಗಿರುತ್ತದೆ, ದೂರದವರ ಕರೆ ಮಾತ್ರ ಒಳಗೆ ಬರುವುದೇ ಇಲ್ಲ.

ಪರೀಕ್ಷೆ ಸುಲಭ. ದೀಪ ಆರಿಸಿ, ಯಾರೂ ಮಾತಾಡದ ಚಾನೆಲ್ಲಿಗೆ ಹೋಗಿ. ಸ್ಕ್ವೆಲ್ಚ್ ಗುಂಡಿಯನ್ನು ಸುಯ್ ಅನ್ನುವ ತನಕ ಸಡಿಲಿಸಿ, ಮತ್ತೆ ಆ ಸದ್ದು ನಿಲ್ಲುವಷ್ಟೇ ತಿರುಗಿಸಿ. ಈಗ ದೀಪ ಹಾಕಿ. ಸುಯ್ ಸದ್ದು ಮರಳಿ ಬಂದರೆ ದೀಪದ್ದೇ ಕಾಟ. ಈ ಕಾಟಕ್ಕೆ ‘ಅಡ್ಡಿ’ ಅನ್ನೋಣವೇ, ‘ರೇಡಿಯೋ ಅಡ್ಡಿ’ ಅಂತ ಬಿಡಿಸಿ ಹೇಳೋಣವೇ?

ಕಡಲಲ್ಲಿ, ಹಿನ್ನೀರಲ್ಲಿ ದುಡಿಯುವವರ ಬಾಯಲ್ಲಿ ಈ ದೀಪಗಳಿಗೆ ಬೇರೆ ಹೆಸರು ಕೇಳಿದ್ದರೆ ದಯವಿಟ್ಟು ಇದ್ದ ಹಾಗೇ ಬರೆದು ತಿಳಿಸಿ. ಅಂಥ ಒಂದು ಪದ ಸಿಕ್ಕರೆ ಮೇಲಿನ ನನ್ನ ಪದವನ್ನು ಸಂತೋಷದಿಂದ ತೆಗೆದು ಅದನ್ನೇ ಇಡುತ್ತೇನೆ.