ಓಬವ್ವನ ಕಿಂಡಿ ಮತ್ತು ಕ್ಯೂ 23: ಭಾನುವಾರದ ಲೈಟಿಂಗ್ ಪ್ರಶ್ನೋತ್ತರ

ಲೈಟಣ್ಣ (ದಾವಣಗೆರೆ): ಎಲ್ಲರಿಗೂ ನಮಸ್ಕಾರ. ಇವತ್ತು ಗ್ರೂಪಿನಲ್ಲಿ ಮೂವಿಂಗ್ ಲೈಟಿಗೆ (ತಲೆ ತಾನೇ ತಿರುಗುವ ಲೈಟ್) ಕ್ಯೂ ಹಾಕುವುದರ ಬಗ್ಗೆ ಮಾತ್ರ ಕೇಳಿ. ಕ್ಯೂ ಅಂದರೆ ಬೋರ್ಡಿನಲ್ಲಿ ನಂಬರ್ ಕೊಟ್ಟು ಉಳಿಸಿಟ್ಟ ಒಂದೊಂದು ಬೆಳಕಿನ ಬದಲಾವಣೆ. ಗುಡ್ ನೈಟ್ ಫೋಟೋ ಬೇಡ.

ಹರಿಹರದವರು: ಸರ್, ನಾಲ್ಕು ಲೈಟ್ ತಂದಿದ್ದೇವೆ. ಒಂದನ್ನು ತಿರುಗಿಸಿದರೆ ನಾಲ್ಕೂ ತಿರುಗುತ್ತವೆ. ಬೋರ್ಡ್ ಹಾಳಾಗಿದೆಯಾ?

ಲೈಟಣ್ಣ: ಬೋರ್ಡ್ ಚೆನ್ನಾಗಿದೆ. ನಾಲ್ಕೂ ಅಡ್ರೆಸ್ 1ರಲ್ಲೇ ಇವೆ, ಅಂದರೆ ಬೋರ್ಡಿನ 1ನೇ ಚಾನೆಲ್ಲಿನಿಂದಲೇ ಆಜ್ಞೆ ಕೇಳುತ್ತಿವೆ. ಒಂದೊಂದು ಲೈಟ್ 16 ಚಾನೆಲ್ ತಗೊಳ್ಳುವ ಮೋಡ್ ಆದರೆ 1, 17, 33, 49 ಹಾಕಿ. ಬೋರ್ಡಿನಲ್ಲಿ ಪ್ಯಾಚ್ ಮಾಡಿದ (ಲೈಟಿಗೆ ಜೋಡಿಸಿದ) ಮೋಡ್, ಲೈಟಿನ ಮೆನುವಿನಲ್ಲಿರುವ ಮೋಡ್ ಎರಡೂ ಒಂದೇ ಇರಬೇಕು. ಒಂದು ಡಿಎಂಎಕ್ಸ್ ಲೈನಿಗೆ (ಬೋರ್ಡಿನ ಆಜ್ಞೆಯನ್ನು ಲೈಟಿಗೆ ಒಯ್ಯುವ ಕೇಬಲ್) 512 ಚಾನೆಲ್. ಇಂಥ 32 ಲೈಟಿಗೆ ಅದು ಮುಗಿಯುತ್ತದೆ.

ಚಿತ್ರದುರ್ಗ ತಂಡ: ಅಣ್ಣ, ನಮ್ಮದು ಓಬವ್ವನ ನಾಟಕ. ಕ್ಯೂ 21ರಲ್ಲಿ 3ನೇ ಲೈಟ್ ಹೈದರನ ಸೇನಾಪತಿಯ ಮೇಲಿರುತ್ತದೆ. 22 ಬ್ಲಾಕೌಟ್, ಐದು ಸೆಕೆಂಡ್ ತಮಟೆ. 23ರಲ್ಲಿ ಅದೇ ಲೈಟ್ ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತ ಓಬವ್ವನ ಮೇಲೆ ಬರಬೇಕು. ತಾಲೀಮಿನಲ್ಲಿ ನಾಲ್ಕು ಸಲವೂ ಸರಿ ಬಂತು. ಶೋ ದಿನ ಲೈಟ್ ಉರಿಯುತ್ತಲೇ ಜನರ ಮೇಲೆಲ್ಲ ಒಂದು ಸುತ್ತು ಹೊಡೆದು ಕಿಂಡಿಗೆ ಬಂತು. ತೆವಳುತ್ತಿದ್ದ ಸೈನಿಕ ಮೊದಲೇ ಕಂಡುಬಿಟ್ಟ. ಅವನ ಕಣ್ಣಿಗೂ ಬೆಳಕು ಹೊಡೆಯಿತು. ಬೋರ್ಡಿನಲ್ಲಿ 3ನೇ ಲೈಟಿನ ಪ್ಯಾನ್ (ತಲೆ ಎಡಬಲಕ್ಕೆ ತಿರುಗುವ ಅಳತೆ) ಹೀಗಿದೆ: 21ರಲ್ಲಿ 189, 22ರಲ್ಲಿ ಏನೂ ಇಲ್ಲ, 23ರಲ್ಲಿ 33. ಫೇಡ್, ಅಂದರೆ ಬದಲಾಗಲು ತಗೊಳ್ಳುವ ಸಮಯ, 2 ಸೆಕೆಂಡ್.

ಲೈಟಣ್ಣ: ನಂಬರ್ ಕೊಟ್ಟು ಪ್ರಶ್ನೆ ಕೇಳಿದ್ದೀರಿ, ಖುಷಿಯಾಯಿತು. ನಿಧಾನವಾಗಿ ಓದಿ.

ಮೊದಲ ತಪ್ಪು 22ರಲ್ಲಿದೆ. ಅಲ್ಲಿ ಬೆಳಕನ್ನು ಮಾತ್ರ ಸೊನ್ನೆ ಮಾಡಿದ್ದೀರಿ. ಲೈಟಿನ ತಲೆಗೆ ಯಾರೂ ಏನೂ ಹೇಳಿಲ್ಲ. ಕತ್ತಲೆಯಲ್ಲಿ ಅದು ಸೇನಾಪತಿಯ ಜಾಗವನ್ನೇ ನೋಡುತ್ತಾ ಕೂತಿರುತ್ತದೆ. 23ಕ್ಕೆ ಗೋ ಒತ್ತಿದಾಗ ಬೆಳಕು ಏರುವುದು, ತಲೆ ತಿರುಗುವುದು ಎರಡೂ ಒಟ್ಟಿಗೆ ಶುರುವಾಗುತ್ತವೆ. ಸ್ಮೋಕ್ ಬೇರೆ ಇದ್ದರೆ ಕೇಳುವುದೇ ಬೇಡ, ದಾರಿಯುದ್ದಕ್ಕೂ ಕಾಣುತ್ತದೆ.

ತಾಲೀಮಿನಲ್ಲಿ ಯಾಕೆ ಸರಿ ಬಂತು? ಆ ದೃಶ್ಯವನ್ನೇ ಮತ್ತೆ ಮತ್ತೆ ಮಾಡಿ, ಪ್ರತಿ ಸಲ 22ರಿಂದ ಶುರು ಮಾಡಿರುತ್ತೀರಿ. ನಿಮ್ಮ ಸಣ್ಣ ಬೋರ್ಡ್ ಕ್ಯೂನಲ್ಲಿ ಬರೆದಷ್ಟನ್ನೇ ಓಡಿಸುತ್ತದೆ. ಹಿಂದಿನ ಸಲದ 23ರಿಂದ ಲೈಟ್ ಆಗಲೇ ಕಿಂಡಿಯ ಮೇಲಿತ್ತು. ನೀವು ಸುಮ್ನೆ ಆರಿಸಿ ಹಚ್ಚಿದಿರಿ ಅಷ್ಟೆ.

ಎರಡನೇ ತಪ್ಪು ದಾರಿಯದು. ಈ ಲೈಟುಗಳಲ್ಲಿ ಪ್ಯಾನ್ ಸಾಮಾನ್ಯವಾಗಿ 540 ಡಿಗ್ರಿ, ಅಂದರೆ ಒಂದೂವರೆ ಸುತ್ತು. ಅದನ್ನು 0ರಿಂದ 255ರವರೆಗೆ ಹಂಚಿದ್ದಾರೆ. ಒಂದು ಪೂರ್ತಿ ಸುತ್ತು ಎಂದರೆ 170 ಅಂಕ. ಹಾಗಾಗಿ 33 ಎಲ್ಲಿ ನೋಡುತ್ತದೋ 203 ಕೂಡ ಅಲ್ಲಿಗೇ ನೋಡುತ್ತದೆ. 189ರಿಂದ 203 ಬರೀ 14 ಅಂಕ, 30 ಡಿಗ್ರಿ. ನೀವು 33 ಕೊಟ್ಟಿದ್ದೀರಿ. ಅದು 330 ಡಿಗ್ರಿ ಹಿಂದಕ್ಕೆ ತಿರುಗಿತು. ಪಕ್ಕದ ಮನೆಗೆ ಹೋಗಲು ಕೋಟೆ ಸುತ್ತಿದ ಹಾಗೆ.

ಈಗ ಹೀಗೆ ಮಾಡಿ. 22ರ ಫೇಡ್ ಸೊನ್ನೆ ಮಾಡಿ. 22.5 ಅಂತ ಹೊಸ ಕ್ಯೂ ಹಾಕಿ. ಅದರಲ್ಲಿ ಬೆಳಕು ಬೇಡ, ಪ್ಯಾನ್ 203, ಟಿಲ್ಟ್ (ತಲೆ ಮೇಲೆ ಕೆಳಗೆ ಬಾಗುವುದು), ಬಣ್ಣ, ಗೋಬೋ (ಬೆಳಕಿಗೆ ಆಕಾರ ಕೊಡುವ ತಟ್ಟೆ) ಮಾತ್ರ. ಅದು 22 ಆದ ಮೇಲೆ ಅರ್ಧ ಸೆಕೆಂಡ್ ಬಿಟ್ಟು ತಾನಾಗಿ ಓಡಲಿ, 3 ಸೆಕೆಂಡಿನಲ್ಲಿ. ಆ ಅರ್ಧ ಸೆಕೆಂಡ್ ಬೇಕು, ಇಲ್ಲದಿದ್ದರೆ ಆರುತ್ತಿರುವ ಬೆಳಕಿನ ಬಾಲ ಕಾಣುತ್ತದೆ. 23ರಲ್ಲಿ ಬೆಳಕು ಮಾತ್ರ ಏರಬೇಕು. ಬಣ್ಣವನ್ನು 23ಕ್ಕೆ ಬಿಟ್ಟರೆ ಓಬವ್ವನ ಮುಖದ ಮೇಲೆ ಹಸಿರು, ಹಳದಿ ಎಲ್ಲ ಒಂದು ರೌಂಡ್ ಬಂದು ಹೋಗುತ್ತವೆ. ದೊಡ್ಡ ಬೋರ್ಡುಗಳಲ್ಲಿ ಇದಕ್ಕೆ ಮಾರ್ಕ್, ಮೂವ್ ಇನ್ ಬ್ಲಾಕ್ ಅಂತ ಬಟನ್ನೇ ಇದೆ.

ನನಗೆ ಜಾಸ್ತಿ ಚಿಂತೆ ಆ ಸೈನಿಕನ ಪಾತ್ರದ ಹುಡುಗನದು. ಬೀಮ್ ಲೈಟ್ (ತೆಳುವಾದ, ತುಂಬಾ ಪ್ರಖರ ಬೆಳಕಿನದು) ಆದರೆ ಹತ್ತಿರದಿಂದ ಕಣ್ಣಿಗೆ ಬೀಳಬಾರದು. ಲೈಟಿನ ಮೈಮೇಲಿನ ಚೀಟಿಯಲ್ಲಿ ಎಷ್ಟು ಮೀಟರ್ ದೂರ ಇರಬೇಕು ಅಂತ ಬರೆದಿರುತ್ತದೆ. ಅದನ್ನು ಓದದೆ ಮುಂದಿನ ಶೋ ಮಾಡಬೇಡಿ.

ಜಗಳೂರಿನವರು: ಅಣ್ಣ, ನಾಲ್ಕು ಲೈಟಿಗೆ ಅಡ್ರೆಸ್ ಏನು ಹಾಕಬೇಕು?

ಲೈಟಣ್ಣ: ಮೇಲೆ ಬರೆದಿದ್ದೇನೆ.

ಹಿರಿಯೂರು ಸೌಂಡ್ಸ್: ಎರಡು ಶಾರ್ಪಿ ಬೀಮ್ ಲೈಟಿಗೆ ಒಂದು ದಿನದ ಬಾಡಿಗೆ ಎಷ್ಟು ತಗೋಬಹುದು ಸರ್?

ಚಳ್ಳಕೆರೆಯವರು: *ಫಾರ್ವರ್ಡ್ ಆಗಿದೆ.* ಮೂವಿಂಗ್ ಲೈಟ್ ನಡುಗುತ್ತಿದೆಯೇ? ಪ್ಲಗ್ಗಿನ ಅರ್ತ್ ಪಿನ್ ತೆಗೆದುಹಾಕಿ! ನೂರಕ್ಕೆ ನೂರು ಪರಿಹಾರ! ಎಲ್ಲರಿಗೂ ಕಳಿಸಿ!

ಲೈಟಣ್ಣ: ಯಾರಿಗೂ ಕಳಿಸಬೇಡಿ. ಈಗಲೇ ಅಳಿಸಿ. ಅರ್ತ್ ತೆಗೆದ ಲೈಟ್ ಒಳಗೆ ಶಾರ್ಟ್ ಆದರೆ ಮೈಯೆಲ್ಲ ಕರೆಂಟ್. ಅದು ಕಬ್ಬಿಣದ ಟ್ರಸ್ಸಿಗೆ ನೇತಾಡುತ್ತಿರುತ್ತದೆ. ಕೆಳಗೆ ಮಕ್ಕಳು ಟ್ರಸ್ ಹಿಡಿದು ನಿಂತಿರುತ್ತಾರೆ. ನಡುಕ ಬರುವುದು ಹೆಚ್ಚಾಗಿ ಡಿಎಂಎಕ್ಸ್ ಲೈನಿನಿಂದ. ಮೈಕ್ ಕೇಬಲ್ ಎಳೆದಿದ್ದರೆ ಬದಲಾಯಿಸಿ. ಕೊನೆಯ ಲೈಟಿನ ಔಟಿಗೆ ಟರ್ಮಿನೇಟರ್ ಹಾಕಿ. ಅದು 2 ಮತ್ತು 3ನೇ ಪಿನ್ ನಡುವೆ ಬೆಸುಗೆ ಹಾಕಿದ 120 ಓಮ್ ರೆಸಿಸ್ಟರ್, ಅಷ್ಟೆ.

ಚಳ್ಳಕೆರೆಯವರು: ನಮ್ಮ ಮಾವ ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದಾರೆ, ಏನೂ ಆಗಿಲ್ಲ.

ಲೈಟಣ್ಣ: ಆಗುವವರೆಗೂ ಏನೂ ಆಗಿರುವುದಿಲ್ಲ.

ಹಳೇ ಕಲಾವಿದರು (ಚನ್ನಗಿರಿ): ಒಂದು ಮಾತು ಹೇಳಲಾ? ನಾಟಕಕ್ಕೆ ಈ ತಿರುಗುವ ಲೈಟ್ ಯಾಕೆ? ದುರ್ಗಾಂಬಿಕಾ ಜಾತ್ರೆಯ ಕಂಪನಿ ನಾಟಕಗಳಲ್ಲಿ ಎರಡು ಫೋಕಸ್ ಲೈಟಿನಲ್ಲಿ ಜನ ಅಳುತ್ತಿದ್ದರು.

ಹಿರಿಯೂರು ಸೌಂಡ್ಸ್: ಈಗಿನ ಜನ ಲೈಟ್ ನೋಡೋಕೇ ಬರೋದು ಯಜಮಾನ್ರೇ.

ಹಳೇ ಕಲಾವಿದರು: ಅದು ಆರ್ಕೆಸ್ಟ್ರಾ. ನಾಟಕ ಅಲ್ಲ.

ಚಿತ್ರದುರ್ಗ ತಂಡ: ನಮ್ಮಲ್ಲಿ ಲೈಟ್ ಬರೋದೇ ಆರು. ಒಂದನ್ನೇ ಐದು ಜಾಗಕ್ಕೆ ತಿರುಗಿಸುವುದು ಶೋಕಿಗಲ್ಲ, ದುಡ್ಡಿಲ್ಲದ್ದಕ್ಕೆ.

ಹಳೇ ಕಲಾವಿದರು: ಹಾಗಾದರೆ ಜಾಗ ಕಡಿಮೆ ಮಾಡಿ. ಒಂದೇ ಜಾಗದಲ್ಲಿ ನಿಂತು ನಟಿಸಲು ಬರುವುದಿಲ್ಲವಾ?

ಹಿರಿಯೂರು ಸೌಂಡ್ಸ್: ನಿಮ್ಮ ಕಾಲದಲ್ಲಿ ನಿಂತಲ್ಲೇ ನಿಂತಿದ್ದಕ್ಕೇ ಕಂಪನಿಗಳು ಮುಚ್ಚಿದ್ದು.

ಹಳೇ ಕಲಾವಿದರು: ನಾಲಿಗೆ ಬಿಗಿ ಹಿಡಿ ತಮ್ಮ.

ಲೈಟಣ್ಣ: ಇಬ್ಬರೂ ಹೊರಗೆ ಹೋಗಿ ಜಗಳ ಮಾಡಿ. ಹೊಸದುರ್ಗದವರ ಪ್ರಶ್ನೆ ಮೇಲೆ ಹೋಗಿಬಿಟ್ಟಿತು, ಇನ್ನೊಮ್ಮೆ ಹಾಕಿ.

ಹೊಸದುರ್ಗದವರು: ಸರ್, ಊರಿನ ಸಭಾಭವನದಲ್ಲಿ 60 ಕ್ಯೂ ಹಾಕಿದೆವು. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಒಂದೂ ಜಾಗಕ್ಕೆ ಬೀಳಲಿಲ್ಲ. 60ನ್ನೂ ಮತ್ತೆ ಹಾಕಬೇಕಾ?

ಲೈಟಣ್ಣ: ಕ್ಯೂಗಳಲ್ಲಿ ಪ್ಯಾನ್, ಟಿಲ್ಟ್ ನಂಬರನ್ನೇ ನೇರ ಹಾಕಿದ್ದರೆ ಹೌದು, ಹಾಕಬೇಕು. ಇನ್ನು ಮೇಲೆ ಪೊಸಿಷನ್ ಪ್ಯಾಲೆಟ್ (ಹೆಸರಿಟ್ಟು ಉಳಿಸಿದ ಜಾಗ) ಮಾಡಿಕೊಳ್ಳಿ: ಸಿಂಹಾಸನ, ಬಾಗಿಲು, ನಡು ರಂಗ, ಕಟ್ಟೆ, ಹೀಗೆ ಎಂಟು ಜಾಗ. ಕ್ಯೂಗಳು ಆ ಪ್ಯಾಲೆಟ್ಟಿನಿಂದಲೇ ಜಾಗ ತಗೊಳ್ಳಲಿ. ಹೊಸ ಊರಿನಲ್ಲಿ ಎಂಟು ಪ್ಯಾಲೆಟ್ ತಿದ್ದಿದರೆ 60 ಕ್ಯೂ ತಾವೇ ಸರಿಯಾಗುತ್ತವೆ. ಲೈಟುಗಳನ್ನು ಅದೇ ಕ್ರಮದಲ್ಲಿ, ಅದೇ ಮುಖ ಮಾಡಿ ಕಟ್ಟಿ. ಇನ್ನೊಂದು, ಬಯಲಿನಲ್ಲಿ ಹಗಲು ಲೈಟ್ ಕಟ್ಟಿ ಊಟಕ್ಕೆ ಹೋಗುವಾಗ ಲೆನ್ಸ್ ಸೂರ್ಯನ ಕಡೆ ಇರಬಾರದು. ಭೂತಗನ್ನಡಿ ಇಟ್ಟ ಹಾಗೆ ಒಳಗಿನ ಗೋಬೋ, ಬಣ್ಣದ ಗಾಜು ಸುಡುತ್ತವೆ. ಲೆನ್ಸ್ ಕೆಳಗೆ ಮಾಡಿ, ಬಟ್ಟೆ ಹೊದಿಸಿ.

ಜಗಳೂರಿನವರು: ಮೇಲೆ ಅಂದರೆ ಎಲ್ಲಿ ಅಣ್ಣ? ಸಿಗುತ್ತಿಲ್ಲ.

ಲೈಟಣ್ಣ: 1, 17, 33, 49.

ಚಳ್ಳಕೆರೆಯವರು: *ಫಾರ್ವರ್ಡ್ ಆಗಿದೆ.* ಲ್ಯಾಂಪ್ ಬಾಳಿಕೆ ಹೆಚ್ಚಲು ಪ್ರತಿ ಬ್ಲಾಕೌಟಿನಲ್ಲೂ ಲ್ಯಾಂಪ್ ಆಫ್ ಮಾಡಿ...

ಲೈಟಣ್ಣ: ಮತ್ತೆ ಶುರು ಮಾಡಿದಿರಾ? ಡಿಸ್ಚಾರ್ಜ್ ಲ್ಯಾಂಪ್ (ತಂತಿ ಇಲ್ಲದೆ ಅನಿಲದಲ್ಲಿ ಬೆಳಗುವುದು) ಆರಿಸಿದರೆ ತಣ್ಣಗಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಮುಂದಿನ ದೃಶ್ಯ ಮುಗಿದಿರುತ್ತದೆ. ಪದೇ ಪದೇ ಹಚ್ಚಿದರೆ ಬಾಳಿಕೆ ಇಳಿಯುತ್ತದೆ, ಏರುವುದಿಲ್ಲ. ಬ್ಲಾಕೌಟಿಗೆ ಶಟರ್ ಮುಚ್ಚಿ. ಇನ್ನೊಂದು ಫಾರ್ವರ್ಡ್ ಬಂದರೆ ಗ್ರೂಪಿನಿಂದ ತೆಗೆಯುತ್ತೇನೆ, ನಿಮ್ಮ ಮಾವನ ಮೇಲಾಣೆ.

ಚಿತ್ರದುರ್ಗ ತಂಡ: ಅಣ್ಣ, ಬೋರ್ಡ್ ಮುಂದೆಯೇ ಕೂತಿದ್ದೇವೆ. 203 ಹಾಕಿದೆವು, ಸುತ್ತು ನಿಂತಿತು. 22.5 ಕೂಡ ಓಡಿತು. ಮೋಟರ್ ಸದ್ದು ತಮಟೆಯಲ್ಲಿ ಮುಚ್ಚಿಹೋಗುತ್ತದೆ. ಆದರೆ ಬೆಳಕು ಬಂದಾಗ ಓಬವ್ವ ಅರ್ಧ ಅಡಿ ಆಚೆ ನಿಂತಿರುತ್ತಾಳೆ.

ಲೈಟಣ್ಣ: 21ರಿಂದಲೇ ಓಡಿಸಿ ನೋಡಿದಿರಾ?

ಚಿತ್ರದುರ್ಗ ತಂಡ: 20ರಿಂದ.

ಲೈಟಣ್ಣ: ಸರಿ. ಲೈಟನ್ನು ಮುಟ್ಟಬೇಡಿ. ಅವಳು ನಿಲ್ಲುವ ಜಾಗಕ್ಕೆ ಬೆರಳಗಲ ರೇಡಿಯಂ ಟೇಪ್ ಅಂಟಿಸಿ, ಜನರಿಗೆ ಕಾಣದ ಹಾಗೆ ಕಿಂಡಿಯ ಕಲ್ಲಿನ ಹಿಂದೆ.

ಹಿರಿಯೂರು ಸೌಂಡ್ಸ್: ಸರ್, ಬಾಡಿಗೆ?