ಹಳೆ ಗೋವಾದ ಬೋಮ್ ಜೀಸಸ್ ಚರ್ಚಿಗೆ ಮಾತ್ರ ಗಾರೆ ಏಕಿಲ್ಲ?

ಪ್ರಶ್ನೆ (ಖಾನಾಪುರ, ಬೆಳಗಾವಿ ಜಿಲ್ಲೆ):
ಕಳೆದ ವಾರ ತಾಯಿಯವರೊಂದಿಗೆ ಚೋರ್ಲಾ ಘಾಟ್ ಇಳಿದು ಹಳೆ ಗೋವಾಕ್ಕೆ ಹೋಗಿದ್ದೆ. ಸುತ್ತಲಿನ ಚರ್ಚುಗಳು ಬೆಳ್ಳಗೆ ನಿಂತಿದ್ದರೆ, ಬೋಮ್ ಜೀಸಸ್ ಬೆಸಿಲಿಕಾ ಮಾತ್ರ ನಮ್ಮೂರ ಹಳೆಯ ಮನೆಗಳಂತೆ ಜಂಬಿಟ್ಟಿಗೆ ಕಲ್ಲನ್ನು ತೆರೆದಿಟ್ಟುಕೊಂಡೇ ನಿಂತಿದೆ. ಯೇಸುವಿನ ಬಡತನವನ್ನು ಸೂಚಿಸಲು ಹೀಗೆ ಕಟ್ಟಿದರೆಂದು ಜೊತೆಗಿದ್ದವರೊಬ್ಬರು ಹೇಳಿದರು. ಇದು ನಿಜವೇ? ಮುಂಭಾಗದ ತುದಿಯಲ್ಲಿ ಕೆತ್ತಿರುವ ‘ಐಎಚ್‌ಎಸ್’ ಅಕ್ಷರಗಳ ಅರ್ಥವೇನು?

ಉತ್ತರ 1 (ವಿಜಯಪುರ):
ಕಟ್ಟಿದವರ ಉದ್ದೇಶ ಅದಾಗಿರಲಿಲ್ಲ. 1594ರಲ್ಲಿ ಕೆಲಸ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಗೊಂಡ ಈ ಚರ್ಚಿಗೂ ಸುಣ್ಣದ ಗಾರೆಯಿತ್ತು. ಅದನ್ನು ಕೆರೆದು ತೆಗೆದದ್ದು 1950ರ ದಶಕದಲ್ಲಿ, ಪೋರ್ಚುಗೀಸರ ಆಳ್ವಿಕೆಯ ಕೊನೆಗಾಲದಲ್ಲಿ. ಮೈತುಂಬ ರಂಧ್ರಗಳಿರುವ ಜಂಬಿಟ್ಟಿಗೆಯು ಗೋವಾದ ಮಳೆಯನ್ನು ಹೀರಿಕೊಂಡು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಗಚ್ಚು ಉದುರಿದ ಹಳೆಯ ಗೋಡೆಗಳ ನಡುವೆ ಬೆಳೆದ ನನಗೆ ಆ ಬರಿಮೈ ಕಂಡಾಗಲೆಲ್ಲ ಸಂಕಟವಾಗುತ್ತದೆ. ಮತ್ತೆ ಗಾರೆ ಮಾಡಿಸಬೇಕೆಂದು ಚರ್ಚಿನವರೇ ಕೇಳಿದ್ದಾರೆ, ಮಾಡಿಸುವುದೇ ಸರಿ.

ಉತ್ತರ 2 (ಬೆಳಗಾವಿ):
ಆ ಅಕ್ಷರಗಳು ಗ್ರೀಕ್ ಲಿಪಿಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರಗಳು. ನಡುವಿನದು ನಮ್ಮ ಕಣ್ಣಿಗೆ ‘ಎಚ್’ ಎಂದು ಕಂಡರೂ ಅದು ‘ಈಟಾ’ ಎಂಬ ಸ್ವರ. ಚರ್ಚನ್ನು ಕಟ್ಟಿಸಿದ ಜೆಸ್ವಿಟ್ ಎಂಬ ಕ್ಯಾಥೋಲಿಕ್ ಪಾದ್ರಿಗಳ ಸಂಘದ ಮುದ್ರೆಯೂ ಅದೇ. ತಾವು ಮತ್ತೊಮ್ಮೆ ಹೋದಾಗ ಬಂಗಾರದ ಹೊಳಪಿನ ಬಲಿಪೀಠವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ: ಕೆಳಗೆ ಪುಟ್ಟ ಬಾಲಯೇಸು, ಅವನ ಮೇಲೆ ಆಳೆತ್ತರವನ್ನೂ ಮೀರಿದ, ಆ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ, ಆ ಸಂತರ ದೃಷ್ಟಿ ನೆಟ್ಟಿರುವ ಸೂರ್ಯಬಿಂಬದಲ್ಲಿ ಹೊರಗೆ ಕಂಡ ಅವೇ ಮೂರು ಅಕ್ಷರಗಳು, ತುತ್ತತುದಿಯಲ್ಲಿ ಪಿತ, ಸುತ, ಪವಿತ್ರಾತ್ಮರು. ಯೇಸುವಿನ ಹೆಸರಿನ ಚರ್ಚಿನಲ್ಲಿ ಅವನೇ ಇಷ್ಟು ಚಿಕ್ಕವನೇಕೆ ಎಂದು ನನಗೂ ಅನ್ನಿಸಿತ್ತು. ಆದರೆ ಸಂತರ ಕಣ್ಣಿನ ಜಾಡು ಹಿಡಿದು ಮೇಲೆ ನೋಡಿದಾಗ, ಆ ದೊಡ್ಡ ಮೂರ್ತಿಯೂ ಅವನ ಹೆಸರನ್ನೇ ತೋರಿಸುತ್ತಿದೆ ಎಂಬುದು ಹೊಳೆಯಿತು.

ಉತ್ತರ 3 (ಬಾಗಲಕೋಟೆ):
ಮತ್ತೆ ಹೋದಾಗ ಸಮಾಧಿಯನ್ನೂ ನೋಡಿ. ಬಲಿಪೀಠದ ಬಲಬದಿಯಲ್ಲಿರುವ, ಜೆಸ್ವಿಟ್ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಸಮಾಧಿಯ ಅಮೃತಶಿಲೆಯ ಕಟ್ಟೆ ಇಟಲಿಯ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಅವರ ಕಾಣಿಕೆ. 1698ರಲ್ಲಿ ಅದನ್ನು ಜೋಡಿಸಲಾಯಿತು. ಅದರ ಮೇಲಿನ ಬೆಳ್ಳಿಯ ಪೆಟ್ಟಿಗೆ ಅದಕ್ಕೂ ಸುಮಾರು ಅರವತ್ತು ವರ್ಷ ಹಿಂದೆ ಗೋವಾದ ಅಕ್ಕಸಾಲಿಗರೇ ಮಾಡಿದ್ದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮ ಮನೆಯಲ್ಲಿ ಮಳೆ ಬಡಿಯುವ ಪಡುವಣ ಗೋಡೆಗೆ ಮಾತ್ರ ಅಜ್ಜ ಗಾರೆ ಮಾಡಿಸಿದ್ದೇಕೆಂದು ಈಗ ತಿಳಿಯಿತು.