‘ಅಜ್ಜನ ಮನೆ’ ಗುಂಪು: ವಿನಯ್ ಹಚ್ಚಿದ ದೀಪ

ವಿನಯ್: 📷 ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋ. ಇಂಗ್ಲೆಂಡಿನ ಸ್ವಿಂಡನ್ ಊರಿಂದ ಕಾರಲ್ಲಿ ಅರ್ಧ ಗಂಟೆ. ನವಶಿಲಾಯುಗದ ಸಮಾಧಿ ದಿಬ್ಬ, ಸುಮಾರು 5,600 ವರ್ಷ ಹಳೇದು. ಹೇಗೂ ಪಿತೃಪಕ್ಷ ಅಲ್ವಾ, ಒಳಗೆ ಒಂದು ದೀಪ ಹಚ್ಚಿ ಬಂದೆ 🙏

ಸುಮತ್ತೆ: ಒಳ್ಳೇದು ಮಾಡಿದೆ ಕಂದ. ಯಾರ ಹಿರಿಯರಾದರೇನು.

ಪ್ರಭಾಕರ ಚಿಕ್ಕಪ್ಪ: ಫೋಟೋ ದೊಡ್ಡದು ಮಾಡಿ ನೋಡೋ. ದೀಪದ ಹಿಂದಿನ ಕಲ್ಲಿಗೆ ಉದ್ದಕ್ಕೆ ಮಸಿ ಹಿಡಿದಿದೆ. ಕೆಳಗೆ ಮೇಣ ಸುರಿದು ಗಟ್ಟಿಯಾಗಿದೆ. ನಿನ್ನ ಹಾಗೆ ಬಂದವರೆಲ್ಲ ಸೇರಿ ಮಾಡಿದ್ದು ಅದು. 1882ರಲ್ಲಿ ಬ್ರಿಟನ್ನಿನ ಮೊದಲ ಸ್ಮಾರಕ ರಕ್ಷಣಾ ಕಾಯ್ದೆ ಬಂದಾಗಲೇ ಪಟ್ಟಿಯಲ್ಲಿ ಈ ದಿಬ್ಬದ ಹೆಸರಿತ್ತು.

ಸುಮತ್ತೆ: ಮಸಿ ಹಿಡಿದರೆ ಏನೀಗ? ನಮ್ಮೂರ ಗರ್ಭಗುಡಿ ಎಣ್ಣೆ ಜಿಡ್ಡಿಗೆ ಕಪ್ಪಾಗಿಲ್ವಾ?

ಪ್ರಭಾಕರ ಚಿಕ್ಕಪ್ಪ: ಅಲ್ಲಿ ತೊಳೆಯೋಕೆ ಅರ್ಚಕರಿದ್ದಾರೆ ಅಕ್ಕ. ಇದು ಹೊಲದ ಮಧ್ಯೆ ಇರೋದು. ಟಿಕೆಟ್ ಇಲ್ಲ, ಕಾವಲಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು. ಬಿಸಿಗೆ ಕಲ್ಲು ಬಿರುಕು ಬಿಟ್ಟರೆ ಯಾರು ಸರಿಮಾಡ್ತಾರೆ?

ರಶ್ಮಿ: ಅಷ್ಟಕ್ಕೂ ದೀಪ ಯಾರಿಗೆ? ಮೂಳೆಗಳೇ ಅಲ್ಲಿಲ್ಲ. 17ನೇ ಶತಮಾನದಲ್ಲಿ ಟೂಪ್ ಅಂತ ಒಬ್ಬ ವೈದ್ಯ ಔಷಧಿ ಮಾಡೋಕೆ ಅಗೆದ. ಆಮೇಲೆ 1859ರಲ್ಲಿ ಒಮ್ಮೆ, 1955-56ರಲ್ಲಿ ಇನ್ನೊಮ್ಮೆ ಉತ್ಖನನ ಆಯ್ತು. ಸಿಕ್ಕಿದ್ದು ಕನಿಷ್ಠ 36 ಜನರ ಮೂಳೆ. ಮಕ್ಕಳದ್ದೂ ಇತ್ತು.

ಸುಮತ್ತೆ: ಅಯ್ಯೋ ಶಿವನೇ, ಮೂಳೆಯಲ್ಲಿ ಔಷಧಿಯಾ?!

ರಶ್ಮಿ: ಹೂಂ ಅತ್ತೆ. ಆ ಕಾಲದಲ್ಲಿ ಅದು ನಡೀತಿತ್ತು.

ಸುಮತ್ತೆ: ಹಾಗಾದ್ರೆ ದೀಪ ಹಚ್ಚಿದ್ದೇ ಸರಿ. ಎಲ್ಲರೂ ಕಿತ್ತುಕೊಂಡೇ ಹೋದರು. ನಮ್ಮ ಹುಡುಗ ಒಬ್ಬನಾದರೂ ಏನೋ ಕೊಟ್ಟು ಬಂದ.

ವಿನಯ್: 😅 ನಾನೊಬ್ಬನೇ ಅಲ್ಲ ಅತ್ತೆ. ಕಲ್ಲಿನ ಸಂದಿಯಲ್ಲಿ ಯಾರೋ ಹೂವು, ಗೋಧಿ ತೆನೆ ಸಿಕ್ಕಿಸಿದ್ದರು.

ಪ್ರಭಾಕರ ಚಿಕ್ಕಪ್ಪ: ಕೇಳು. ದಿಬ್ಬ ಕಟ್ಟಿದವರು ಮೊದಲು ಹೆಣ ಇಟ್ಟಿದ್ದು ಹೆಚ್ಚೆಂದರೆ ಒಂದು ತಲೆಮಾರಿನ ಕಾಲ. ಎಷ್ಟೋ ಕಾಲದ ಮೇಲೆ ಕೋಣೆಗಳಿಗೆ ಮಣ್ಣು ತುಂಬಿ, ಬಾಯಿಗೆ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿ ಮುಚ್ಚಿಬಿಟ್ಟರು. ಮುಚ್ಚಿಟ್ಟ ಜಾಗಕ್ಕೆ ನುಗ್ಗಿ ದೀಪ ಹಚ್ಚೋದು ಯಾವ ಶ್ರಾದ್ಧ?

ಸುಮತ್ತೆ: ತೆರೆದಿಟ್ಟವರು ನಿನ್ನ ಉತ್ಖನನದವರೇ ತಾನೇ? ಅವರನ್ನು ಕೇಳು ಹೋಗು.

ರಶ್ಮಿ: 😂 ಇದಕ್ಕೆ ಉತ್ತರ ಕೊಡಿ ಚಿಕ್ಕಪ್ಪ. ವಿನಯ್, ಆ ಮೇಣದ ಬಟ್ಟಲನ್ನಾದರೂ ವಾಪಸ್ ತಂದ್ಯಾ?

ವಿನಯ್: …ಇಲ್ಲ.

ಪ್ರಭಾಕರ ಚಿಕ್ಕಪ್ಪ: ಭಾನುವಾರ ಹೋಗಿ ಎತ್ತಿಕೊಂಡು ಬಾ. ಬೇರೆಯವರು ಬಿಟ್ಟಿದ್ದನ್ನೂ.

ಸುಮತ್ತೆ: ಹೋಗುವಾಗ ಬ್ಯಾಟರಿ ದೀಪ ಒಂದು ತಗೊಂಡು ಹೋಗೋ. ಅದಕ್ಕೆ ಮಸಿ ಹಿಡಿಯಲ್ಲ.

ಪ್ರಭಾಕರ ಚಿಕ್ಕಪ್ಪ: ಅಕ್ಕಾ!!